ಗಿಡ ಕೊಟ್ಟರೆ ಸಾಲದು

ಕೆಲಸಕ್ಕೆಂದು ಹೈದರಾಬಾದಿಗೆ ಬಂದ ವರ್ಷ, ಕ್ರಿಸ್‌ಮಸ್‌ಗೆ ಕರೆದ ಎದುರುಮನೆ ಆಂಟಿಗೆ ಕೆಂಪು ಪಾಯಿನ್‌ಸೆಟಿಯಾ ಕುಂಡ ಕೊಟ್ಟೆ. ಮೇ ಬಿಸಿಲಿಗೆ ಅದು ಒಣಗಿತು. ಮುಂದಿನ ವರ್ಷ ಕೊಟ್ಟದ್ದು ಬದುಕಿತು, ಆದರೆ ಮರು ಡಿಸೆಂಬರ್‌ಗೆ ಕೆಂಪಾಗಲೇ ಇಲ್ಲ. ‘ನನ್ನ ಕೈಗುಣವೇ ಸರಿಯಿಲ್ಲ, ಇನ್ನು ಗಿಡ ತರಬೇಡಮ್ಮಾ’ ಎಂದರು. ಆ ಮಾತು ಮನಸ್ಸಿಗೆ ನಾಟಿತು.

ಅವರ ಕೈಗುಣ ಚೆನ್ನಾಗಿಯೇ ಇದೆ. ತಪ್ಪು ನನ್ನದು. ಮೆಕ್ಸಿಕೊ ಮೂಲದ ಈ ಗಿಡದಲ್ಲಿ ಕೆಂಪಾಗುವುದು ಹೂವಲ್ಲ, ಎಲೆ. ಅದಕ್ಕೆ ಅಕ್ಟೋಬರ್‌ನಿಂದ ಸುಮಾರು ಎರಡು ತಿಂಗಳು ದಿನಕ್ಕೆ 14 ಗಂಟೆ ಕತ್ತಲೆ ಬೇಕು. ನಮ್ಮ ಕಾರಿಡಾರಿನಲ್ಲೋ ರಾತ್ರಿಯಿಡೀ ಟ್ಯೂಬ್‌ಲೈಟ್! ಇದನ್ನು ನಾನು ತಿಳಿದುಕೊಂಡೂ ಇರಲಿಲ್ಲ, ಹೇಳಿಯೂ ಇರಲಿಲ್ಲ.

ಅಲಂಕಾರ ನಾಲ್ಕು ದಿನದ್ದು. ಅದಕ್ಕೆ ಬಿಡಿಹೂವೇ ಸಾಕು. ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಯಲ್ಲಿ ಸೇವಂತಿಗೆ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಇಲ್ಲಿನವರಿಗೆ ಅದು ಚಾಮಂತಿ. ಚಳಿಗಾಲ ಅದರದೇ ಕಾಲ. ಬಾಡಿದರೆ ಗೊಬ್ಬರವಾಗುತ್ತದೆ, ಪ್ಲಾಸ್ಟಿಕ್ ಹೂವಿನಂತೆ ಕಸವಾಗಿ ಉಳಿಯುವುದಿಲ್ಲ.

ಉಡುಗೊರೆಯ ಗಿಡ ಹಾಗಲ್ಲ. ಅದನ್ನು ಆರಿಸುವಾಗ ಡಿಸೆಂಬರ್ ಅಲ್ಲ, ಮೇ ತಿಂಗಳು ನೆನಪಿರಬೇಕು. ಬೆಳಕು ಬರುವ ಬಾಲ್ಕನಿ ಇಲ್ಲದವರಿಗೆ ಹೂವೇ ಕೊಡಿ. ಕುಂಡ ಕೊಟ್ಟರೆ ಒಂದು ಚೀಟಿಯೂ ಇರಲಿ: ಎಲೆ ಉದುರಿದ ಮೇಲೆ ಕೊಂಬೆ ಕತ್ತರಿಸಿ, ಬೇಸಿಗೆಯಲ್ಲಿ ನೆರಳಿಗಿಡಿ, ಅಕ್ಟೋಬರ್‌ನಿಂದ ಕತ್ತಲೆ ಕೊಡಿ.

ಈ ಸಲ ನಾನು ಹೊಸ ಗಿಡ ಒಯ್ಯಲಿಲ್ಲ. ಅಕ್ಟೋಬರ್‌ನಿಂದ ಆಂಟಿಯೂ ನಾನೂ ಸರದಿಯಲ್ಲಿ ಹಳೆಯ ಗಿಡಕ್ಕೆ ಸಂಜೆ ಐದರಿಂದ ಬೆಳಗ್ಗೆ ಏಳರವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಿದೆವು. ತುದಿಯ ನಾಲ್ಕು ಎಲೆ ಕೆಂಪಾಗಿವೆ.