ಬದುಕಿರುವ ಮೀನಿನ ಸಾಕ್ಷ್ಯ

ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನದಂಡಗಳಲ್ಲಿ ಕಾರ್ಖಾನೆಯ ತ್ಯಾಜ್ಯನೀರಿಗೆ ಒಂದು ಜೈವಿಕ ಪರೀಕ್ಷೆಯನ್ನು ವಿಧಿಸಲಾಗಿದೆ. ಬೇರೆ ನೀರು ಬೆರೆಸದ ತ್ಯಾಜ್ಯದಲ್ಲಿ 96 ಗಂಟೆಗಳ ಬಳಿಕ ಶೇಕಡ 90ರಷ್ಟು ಮೀನುಗಳು ಬದುಕಿರಬೇಕು. ಈ ಪರೀಕ್ಷೆ ಮೀನು ಸತ್ತಿತೋ ಉಳಿಯಿತೋ ಎಂದಷ್ಟೇ ಕೇಳುತ್ತದೆ. ಉಳಿದ ಮೀನಿನ ಒಳಗೆ ಏನಾಯಿತೆಂದು ಕೇಳುವುದಿಲ್ಲ.

ಅದನ್ನು ಅರಿಯುವ ವಿಧಾನ ವಿಜ್ಞಾನದಲ್ಲಿದೆ. ಮನುಷ್ಯನ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಮೀನಿನದರಲ್ಲಿ ಇದೆ. ಹಾಗಾಗಿ ಬಾಲದ ಬಳಿಯ ರಕ್ತನಾಳದಿಂದ ತೆಗೆದ ಅಲ್ಪ ರಕ್ತವೇ ಸಾಕು. ಲೋಹಲೇಪನದಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂನಂತಹ ವಿಷವು ವರ್ಣತಂತುವನ್ನು ತುಂಡರಿಸಿದ್ದರೆ, ಕೋಶವಿಭಜನೆಯಲ್ಲಿ ಹಿಂದುಳಿದ ತುಂಡು ಮುಖ್ಯ ಕೇಂದ್ರದ ಪಕ್ಕದಲ್ಲಿ ಸಣ್ಣ ಚುಕ್ಕೆಯಾಗಿ ನಿಲ್ಲುತ್ತದೆ. ಇದೇ ಮೈಕ್ರೋನ್ಯೂಕ್ಲಿಯಸ್. ಸೂಕ್ಷ್ಮದರ್ಶಕದಡಿ ಸಾವಿರಾರು ಕಣಗಳನ್ನು ಎಣಿಸಿ, ಶುದ್ಧ ನೀರಿನ ಮೀನಿನೊಡನೆ ಹೋಲಿಸಿದಾಗ ಹಾನಿಯ ಪ್ರಮಾಣ ತಿಳಿಯುತ್ತದೆ. ಹೊರನೋಟಕ್ಕೆ ಆರೋಗ್ಯವಾಗಿ ಈಜುವ ಮೀನಿನಲ್ಲಿಯೂ ಈ ಗಾಯ ಕಾಣಸಿಗಬಹುದು.

ಜೈನ ಸಮಾಜಕ್ಕೆ ಇದು ಪರಕೀಯ ವಿಚಾರವಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಬಂಧನ, ಹೊಡೆತ, ಅಂಗಚ್ಛೇದ, ಅತಿಭಾರ ಹೇರುವಿಕೆ, ಅನ್ನಪಾನನಿರೋಧಗಳನ್ನು ಹೇಳುತ್ತದೆ. ಪ್ರಾಣ ಉಳಿದ ಮಾತ್ರಕ್ಕೆ ದೋಷ ತಪ್ಪುವುದಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುವ ಸಂಪ್ರದಾಯವೂ ಇದನ್ನೇ ಕಲಿಸಿದೆ. ಆದರೆ ಆ ವಿವೇಕ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಬಣ್ಣ, ಲೋಹಲೇಪನ, ರಾಸಾಯನಿಕಗಳ ಉದ್ಯಮ ನಡೆಸುವ ಶ್ರಾವಕರು ಮನೆಗೆ ಬರುವ ನೀರನ್ನು ಸೋಸುತ್ತಾರೆ. ಕಾರ್ಖಾನೆಯಿಂದ ಹೊರಡುವ ನೀರಿಗೆ ಸರ್ಕಾರಿ ಪ್ರಮಾಣಪತ್ರವೇ ಸಾಕೆಂದು ಭಾವಿಸುತ್ತಾರೆ.

ಮೀನಿಗೆ ಸೂಜಿ ಚುಚ್ಚುವುದೂ ಹಿಂಸೆಯೇ ಎಂಬ ಆಕ್ಷೇಪ ಬರಬಹುದು. ಅದು ಕಡೆಗಣಿಸುವಂತಹದಲ್ಲ. ಆದಕಾರಣ ಪರೀಕ್ಷೆಯು ಕನಿಷ್ಠ ಸಂಖ್ಯೆಯ ಮೀನುಗಳಲ್ಲಿ, ಅವುಗಳನ್ನು ಕೊಲ್ಲದೆ ನಡೆಯಬೇಕು. ಆದರೆ ಕೆಲವು ಮೀನುಗಳಿಗೆ ನೋವಾಗುವುದೆಂದು ಹೇಳಿ, ಇಡೀ ನದಿಯ ಜೀವರಾಶಿಗೆ ದಿನವೂ ಆಗುತ್ತಿರುವ ಹಾನಿಯನ್ನು ಅರಿಯದೆ ಉಳಿಯುವುದು ಅಹಿಂಸೆಯಲ್ಲ, ಪ್ರಮಾದ. ಹಿಂಸೆಯ ಮೂಲ ಪ್ರಮಾದವೆಂದೇ ಶಾಸ್ತ್ರ ಹೇಳುತ್ತದೆ.

ಮುಂಬಯಿ, ಪುಣೆ, ಹೈದರಾಬಾದಿನ ಬಸದಿ ಟ್ರಸ್ಟುಗಳು ಜೀವದಯಾ ನಿಧಿಯ ಒಂದು ಪಾಲನ್ನು ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ನೀಡಿ, ಹತ್ತಿರದ ನದಿಗಳಲ್ಲಿ ಈ ಪರೀಕ್ಷೆ ನಡೆಸಲಿ. ಉದ್ಯಮಿಗಳಿಂದ ದೊಡ್ಡ ದಾನ ಸ್ವೀಕರಿಸುವ ಮುನ್ನ ಅವರ ತ್ಯಾಜ್ಯನೀರಿನ ವರದಿಯನ್ನೂ ಕೇಳಲಿ. 96 ಗಂಟೆಗಳ ಮಾನದಂಡದೊಡನೆ ಆನುವಂಶಿಕ ಹಾನಿಯ ಪರೀಕ್ಷೆಯನ್ನೂ ಸೇರಿಸಬೇಕೆಂದು ಸರ್ಕಾರವನ್ನು ಒತ್ತಾಯಿಸಲು ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜಕ್ಕಿಂತ ಹೆಚ್ಚಿನ ಹೊಣೆ ಇನ್ನಾರಿಗಿದೆ?