ತಕ್ಕಡಿ ಎಲ್ಲರಿಗೂ ಒಂದೇ ಇರಲಿ

ಪ್ರಜೆಗಳು ತಾವೇ ಕಾನೂನು ರೂಪಿಸಹೊರಟಾಗ ಅಧಿಕಾರಸ್ಥರಿಂದ ತಪ್ಪದೆ ಬರುವ ಪ್ರಶ್ನೆ: ‘ಹಣ ಎಲ್ಲಿಂದ ಬರುತ್ತದೆ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಪ್ರಜೆಗಳಿಗೆ ಮಾತ್ರ ಕೇಳಿ, ಆಳುವವರಿಗೆ ಕೇಳದೆ ಬಿಡುವುದು ಅನ್ಯಾಯ. ಅಮೆರಿಕದ ಫ್ಲಾರಿಡಾ ರಾಜ್ಯದ ಅನುಭವ ಇದಕ್ಕೆ ಸಾಕ್ಷಿ.

ಅಲ್ಲಿ ಮತದಾರರು ನಿಗದಿತ ಸಂಖ್ಯೆಯ ಸಹಿ ಸಂಗ್ರಹಿಸಿ ಸಂವಿಧಾನದ ತಿದ್ದುಪಡಿಯನ್ನು ನೇರವಾಗಿ ಜನಮತಕ್ಕೆ ಇಡಬಹುದು. 2000ದಲ್ಲಿ ಅತಿವೇಗದ ರೈಲುಮಾರ್ಗದ ಪ್ರಸ್ತಾವ ಹೀಗೆ ಗೆದ್ದಿತು. 2004ರಲ್ಲಿ ಮತದಾರರೇ ಅದನ್ನು ರದ್ದುಗೊಳಿಸಿದರು. ಈ ನಡುವೆ, 2002ರಲ್ಲಿ, ಪ್ರಜೆಗಳು ತರುವ ತಿದ್ದುಪಡಿಯ ಆರ್ಥಿಕ ಪರಿಣಾಮವನ್ನು ಮತದಾನಕ್ಕೆ ಮುನ್ನ ಪ್ರಕಟಿಸಬೇಕೆಂಬ ನಿಯಮ ಸಂವಿಧಾನವನ್ನು ಸೇರಿತು.

ಪರಿಸರ ಚಳವಳಿ ಈ ಲೆಕ್ಕಕ್ಕೆ ಅಂಜಬೇಕಾಗಿಲ್ಲ. 2014ರಲ್ಲಿ ದಸ್ತಾವೇಜು ತೆರಿಗೆಯ ಮೂರನೆಯ ಒಂದು ಪಾಲನ್ನು 20 ವರ್ಷ ಕಾಲ ನೆಲ-ಜಲ ಸಂರಕ್ಷಣೆಗೆ ಮೀಸಲಿಡುವ ಪ್ರಸ್ತಾವ ಜನರ ಮುಂದೆ ಬಂತು. ಮೊದಲ ವರ್ಷ 64.8 ಕೋಟಿ ಡಾಲರ್, ಇಪ್ಪತ್ತನೆಯ ವರ್ಷಕ್ಕೆ 126.8 ಕೋಟಿ ಡಾಲರ್ ಮೀಸಲಾಗುವುದೆಂದು ಅಂದಾಜು ಸಾರಿತು. ಅದನ್ನು ತಿಳಿದೇ ಶೇ. 75ರಷ್ಟು ಮತದಾರರು ಒಪ್ಪಿದರು. ಆ ಹಣ ಇಲಾಖೆಗಳ ನಿತ್ಯದ ಖರ್ಚಿಗೆ ಹರಿಯುತ್ತಿದೆಯೆಂದು ಪರಿಸರ ಸಂಘಟನೆಗಳು 2015ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವು. ಮೊತ್ತ ಮೊದಲೇ ಬಹಿರಂಗವಾಗಿದ್ದರೆ ಲೆಕ್ಕ ಕೇಳುವ ಬಲವೂ ಜನರಿಗೆ ದಕ್ಕುತ್ತದೆ.

ಆದರೆ ತಕ್ಕಡಿಯ ತೂಕ ಸರಿಯಿರಬೇಕು. ಅಂದಾಜು ಮಾಡುವ ನಾಲ್ವರು ರಾಜ್ಯಪಾಲರ ಕಚೇರಿ, ಶಾಸಕಾಂಗದ ಎರಡು ಸದನಗಳು ಮತ್ತು ಶಾಸಕಾಂಗದ್ದೇ ಸಂಶೋಧನಾ ಕಚೇರಿಯ ಕಡೆಯವರು. ಆ ರಾಜ್ಯದಲ್ಲಿ ಆಡಳಿತದ ಚುಕ್ಕಾಣಿ ಹಿಡಿಯುವವರೇ ರಾಜ್ಯಪಾಲರು. ಯಾರನ್ನು ಮೀರಿ ಪ್ರಜೆಗಳು ಜನಮತಕ್ಕೆ ಹೋಗುತ್ತಾರೋ ಅವರ ಕಡೆಯವರೇ ತೂಗುವವರು! ಶಾಸಕಾಂಗ ತಾನೇ ಮುಂದಿಡುವ ತಿದ್ದುಪಡಿಗೆ 2002ರ ನಿಯಮ ಅನ್ವಯಿಸಲೇ ಇಲ್ಲ. 2019ರ ಕಾನೂನು ಇನ್ನೂ ಮುಂದೆ ಹೋಯಿತು: ಬೊಕ್ಕಸಕ್ಕೆ ನಷ್ಟವೆಂದು ಅಂದಾಜಾದರೆ, ತೆರಿಗೆ ಏರಬಹುದು ಅಥವಾ ಸೇವೆಗಳು ಕುಗ್ಗಬಹುದು ಎಂಬ ಎಚ್ಚರಿಕೆ ಮತಪತ್ರದಲ್ಲಿ ದಪ್ಪಕ್ಷರಗಳಲ್ಲಿ ಇರಬೇಕೆಂದಿತು.

2020ರಲ್ಲಿ ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಗಂಟೆಗೆ 15 ಡಾಲರಿಗೆ ಏರಿಸುವ ಪ್ರಸ್ತಾವ ಈ ಎಚ್ಚರಿಕೆಯನ್ನು ಹೊತ್ತೇ ಬಂತು. ಸರ್ಕಾರಗಳ ಕೂಲಿವೆಚ್ಚ 2027ರ ವೇಳೆಗೆ ವರ್ಷಕ್ಕೆ 54 ಕೋಟಿ ಡಾಲರ್ ಹೆಚ್ಚುವುದೆಂದು ಅಂದಾಜು ಹೇಳಿತು. ಇತರ ವೆಚ್ಚ-ಆದಾಯಗಳ ಪರಿಣಾಮಗಳನ್ನು ಅಂಕಿಗೆ ಇಳಿಸಿಲ್ಲ ಎಂದಷ್ಟೇ ನುಡಿದು ಮುಗಿಸಿತು. ದುಡಿಯುವವನ ಮನೆಗೆ ಬರುವ ಹೆಚ್ಚಿನ ಕೂಲಿಗೆ ಆ ಎಚ್ಚರಿಕೆಯಲ್ಲಿ ಒಂದು ಸಾಲೂ ಇರಲಿಲ್ಲ. ಗೆಲ್ಲಲು ಶೇ. 60 ಮತ ಬೇಕಿತ್ತು. ಅದಕ್ಕಿಂತ ತುಸುವೇ ಹೆಚ್ಚು ಮತ ಪಡೆದು ಪ್ರಸ್ತಾವ ಗೆದ್ದಿತು.

ಕರ್ನಾಟಕದ ಪ್ರಜೆಗಳಿಗೆ ಇಂಥ ಹಕ್ಕೇ ಇಲ್ಲ. ಪ್ರಸ್ತಾವವೂ ಅಂದಾಜೂ ಎರಡೂ ಸರ್ಕಾರದವೇ. 2012ರಲ್ಲಿ ಸುಮಾರು 8,323 ಕೋಟಿ ರೂಪಾಯಿ ಎಂದಿದ್ದ ಎತ್ತಿನಹೊಳೆ ಯೋಜನೆಯ ಅಂದಾಜು 2023ರಲ್ಲಿ ಸುಮಾರು 23,251 ಕೋಟಿಗೆ ಏರಿತು. ‘ಈ ವೆಚ್ಚ ನಿಮಗೆ ಒಪ್ಪಿಗೆಯೇ?’ ಎಂದು ದಪ್ಪಕ್ಷರದಲ್ಲಿ ಯಾವ ಮತದಾರನನ್ನೂ ಕೇಳಲಿಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಅಂದಾಜು ಕಡ್ಡಾಯವಾಗಲಿ, ಪ್ರಜೆಗಳ ಪ್ರಸ್ತಾವಕ್ಕೂ ಪ್ರಭುತ್ವದ ಯೋಜನೆಗೂ. ತೂಗುವವರು ಸ್ವತಂತ್ರರಾಗಿರಲಿ. ವೆಚ್ಚದ ಎದುರು ಉಳಿತಾಯವನ್ನೂ, ಸುಮ್ಮನಿದ್ದರೆ ತೆರಬೇಕಾದ ಬೆಲೆಯನ್ನೂ ಬರೆಯಲಿ. ಕಾಡು ಉಳಿಸಲು ಬೇಕಾದ ಹಣವನ್ನು ಕೇಳುವವರು ಕಾಡು ಕಳೆದರೆ ಬತ್ತುವ ಹೊಳೆಯ ಬೆಲೆಯನ್ನೂ ಹೇಳಬೇಕು.