ಅಜ್ಜನ ಫೋನಿಗೆ ಲೋಹದ ಅಂಗಿ

ಮಕ್ಕಳೇ, ಈ ವಾರದ ಮಾತು ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತದೆ. ತಪ್ಪು ಮಾಡಿದವನು ನಾನೇ.

ಈ ಸಲದ ಜಾತ್ರೆಯಲ್ಲಿ ನನ್ನ ಫೋನಿಗೊಂದು ಅಲ್ಯೂಮಿನಿಯಂ ಕವರ್ ಕೊಂಡೆ. ಹಿಂದೆ, ಅಂಚಿಗೆ, ಮೇಲಿನ ಮುಚ್ಚಳಕ್ಕೆ ಎಲ್ಲಕ್ಕೂ ಲೋಹವೇ. ಬೆಳ್ಳಿಯ ಕರಡಿಗೆಯಂತೆ ಹೊಳೆಯುತ್ತಿತ್ತು. ಕೈ ನಡುಗುವ ವಯಸ್ಸು ನನ್ನದು; ಬಿದ್ದರೂ ಫೋನು ಒಡೆಯದಿರಲಿ ಎಂದು ತಂದೆ. ನಮ್ಮೂರು ಮಲೆನಾಡಿನ ಅಂಚಿನಲ್ಲಿದೆ. ಮನೆಯೊಳಗೆ ಟವರ್ ಸಿಗುವುದೇ ಎರಡು ಕಡ್ಡಿ. ಕೆಲವೇ ದಿನಗಳಲ್ಲಿ ಅದು ಒಂದಾಯಿತು. ಮಲಗುವ ಕೋಣೆಯಲ್ಲಿ ಅದೂ ಮಾಯ.

"ದಿನವೂ ಆಟ ಆಡಿ ಆಡಿ ಫೋನು ಕೆಡಿಸಿಬಿಟ್ಟೆ" ಎಂದು ಏಳನೇ ಕ್ಲಾಸಿನ ಮೊಮ್ಮಗಳಿಗೆ ಬೈದೆ. "ನಾನೇನೂ ಮಾಡಿಲ್ಲ ಅಜ್ಜಾ" ಎಂದಳು. ನಾನು ಕೇಳಲಿಲ್ಲ.

ಒಂದು ರಾತ್ರಿ ಶಿವಮೊಗ್ಗದಲ್ಲಿರುವ ನನ್ನ ಅಕ್ಕನಿಗೆ ಉಬ್ಬಸ ಜೋರಾಯಿತು. ಮೂರು ಸಲ ನನಗೆ ಫೋನು ಮಾಡಿದ್ದಾಳೆ. ಮೂರು ಸಲವೂ "ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಎಂಬ ಉತ್ತರ. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತಾಗಲೇ ನನಗೆ ಸುದ್ದಿ ಮುಟ್ಟಿದ್ದು. ಓಡಿಹೋದೆ. ಅಷ್ಟರಲ್ಲಿ ಅಕ್ಕ ಚೇತರಿಸಿಕೊಂಡಿದ್ದಳು. "ಕರೆದರೂ ಓಗೊಡಲಿಲ್ಲವಲ್ಲೋ ತಮ್ಮಾ" ಎಂದಳು, ಅಷ್ಟೇ.

ಅಲ್ಲೇ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಹುಡುಗ ಫೋನು ಬಿಚ್ಚಲೇ ಇಲ್ಲ. ಕವರ್ ತೆಗೆದು ಪಕ್ಕಕ್ಕಿಟ್ಟ. ಕಡ್ಡಿಗಳು ಒಂದೊಂದಾಗಿ ಎದ್ದು ನಿಂತವು. "ಫೋನಿಗೆ ಉಸಿರು ಕಟ್ಟಿತ್ತು ಅಜ್ಜಾ" ಎಂದ.

ಉಸಿರು ಕಟ್ಟುವುದು ಹೇಗೆ? ನಾನು ಓದಿದ್ದು ಬಿ.ಕಾಂ., ವಿಜ್ಞಾನವಲ್ಲ. ಆದರೂ ಕುಳಿತು ಓದಿ ತಿಳಿದುಕೊಂಡೆ.

ಫೋನಿಗೂ ಟವರಿಗೂ ನಡುವೆ ಓಡಾಡುವುದು ರೇಡಿಯೊ ಅಲೆಗಳು. ಲೋಹದೊಳಗೆ ಎಲೆಕ್ಟ್ರಾನುಗಳು ಜಾತ್ರೆಯ ಜನರಂತೆ ಸಲೀಸಾಗಿ ಓಡಾಡುತ್ತವೆ. ಅಲೆ ಬಂದು ತಾಗಿದೊಡನೆ ಅವೂ ಅಲುಗಾಡಿ, ಅಲೆಯನ್ನು ಒಳಗೆ ಬಿಡದೆ ಹಿಂದಕ್ಕೆ ಕಳಿಸುತ್ತವೆ. ಪ್ಲಾಸ್ಟಿಕ್ಕು, ಗಾಜುಗಳಲ್ಲಿ ಎಲೆಕ್ಟ್ರಾನುಗಳು ಅವವುಗಳ ಮನೆಯಲ್ಲೇ ಕಟ್ಟಿಹಾಕಿದಂತೆ ಇರುತ್ತವೆ. ಅಡ್ಡ ಬರುವವರಿಲ್ಲ, ಅಲೆ ದಾಟಿಹೋಗುತ್ತದೆ.

1836ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಹನ್ನೆರಡು ಅಡಿಯ ಒಂದು ಚೌಕದ ಕೋಣೆ ಕಟ್ಟಿಸಿ, ಅದಕ್ಕೆ ಲೋಹದ ತಂತಿ, ಹಾಳೆ ಹೊದಿಸಿದ. ಹೊರಮೈಗೆ ಜೋರಾದ ವಿದ್ಯುತ್ತು ಕೊಟ್ಟು, ತಾನು ಒಳಗೇ ಕುಳಿತ. ಹೊರಗೆ ಕಿಡಿ ಹಾರುತ್ತಿದ್ದರೂ ಒಳಗೆ ಏನೂ ಗೊತ್ತಾಗಲಿಲ್ಲ. ಇಂಥ ಲೋಹದ ಗೂಡಿಗೆ ಇಂದಿಗೂ ಫ್ಯಾರಡೆ ಪಂಜರ ಎನ್ನುತ್ತಾರೆ. ಲಿಫ್ಟಿನಲ್ಲಿ ಮಾತು ಕಡಿದುಹೋಗುವುದು ಇದರಿಂದಲೇ. ನಾನು ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಹೋದಾಗಲೆಲ್ಲ ಫೋನು ಮೂಕಾಗುತ್ತಿದ್ದುದೂ ಇದರಿಂದಲೇ. ಅಷ್ಟು ವರ್ಷ ಅದರೊಳಗೆ ಓಡಾಡಿದವನು ಅಂಥದ್ದೇ ಒಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ ನೋಡಿ!

ಹಾಗಿದ್ದರೆ ಫೋನುಗಳನ್ನೇ ಲೋಹದಲ್ಲಿ ಮಾಡುತ್ತಾರಲ್ಲ, ಅದು ಹೇಗೆ? ಅಲ್ಲಿದೆ ಸ್ವಾರಸ್ಯ.

2003ರಲ್ಲಿ ಬಂದ ನೋಕಿಯಾ 1100 ನಿಮ್ಮ ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ಅದರ ಮೈಯೆಲ್ಲ ಪ್ಲಾಸ್ಟಿಕ್ಕು. ಆಂಟೆನಾ ಒಳಗೆ ಅಡಗಿ ಕುಳಿತಿದ್ದರೂ ಅಲೆಗೆ ತಡೆಯಿರಲಿಲ್ಲ. ಆಮೇಲೆ ಜನರಿಗೆ ತೆಳ್ಳಗಿನ, ಹೊಳೆಯುವ ಫೋನು ಬೇಕಾಯಿತು. ಲೋಹವಾದರೆ ತೆಳ್ಳಗಿದ್ದರೂ ಗಟ್ಟಿ, ಒಳಗಿನ ಬಿಸಿಯನ್ನೂ ಬೇಗ ಹೊರಹಾಕುತ್ತದೆ. ಆದರೆ ಅಲೆಗೆ ಬಾಗಿಲು ಮುಚ್ಚುತ್ತದೆ.

2010ರಲ್ಲಿ ಆಪಲ್ ಕಂಪನಿ ಒಂದು ಜಾಣತನ ಮಾಡಿತು. ಐಫೋನ್ 4ರ ಅಂಚಿನ ಸ್ಟೀಲ್ ಪಟ್ಟಿಯನ್ನೇ ತುಂಡು ಮಾಡಿ ಆಂಟೆನಾ ಆಗಿ ಬಳಸಿತು. ಅಡ್ಡ ಬರುವ ಲೋಹಕ್ಕೇ ಕೆಲಸ ಕೊಟ್ಟ ಹಾಗೆ! ಆದರೆ ಎಡಗೈಯಲ್ಲಿ ಹಿಡಿದಾಗ ಅಂಗೈ ಕೆಳಗಿನ ಸಂದಿನ ಮೇಲೆ ಕೂರುತ್ತಿತ್ತು. ಎರಡು ತುಂಡುಗಳ ನಡುವೆ ಕೈಯೇ ಸೇತುವೆಯಾಗಿ, ಕಡ್ಡಿಗಳು ಬಿದ್ದುಹೋಗುತ್ತಿದ್ದವು. ತಂಬೂರಿ ಮೀಟುವಾಗ ತಂತಿಯ ಮೇಲೆ ಬೆರಳಿಟ್ಟರೆ ಶ್ರುತಿ ಕೆಡುವುದಿಲ್ಲವೇ, ಹಾಗೆ. ದೂರುಗಳು ಬಂದವು. ಆ ಜುಲೈನಲ್ಲಿ ಕಂಪನಿ ಪುಕ್ಕಟೆ ಕವರ್ ಕೊಡುವುದಾಗಿ ಹೇಳಿತು. ಅವರ ಕವರು ಕೈ ತಾಗದಂತೆ ತಡೆದು ಟವರ್ ಉಳಿಸಿತು. ನನ್ನ ಕವರು ಟವರನ್ನೇ ನುಂಗಿತು.

ಶ್ರುತಿ ಎಂದೆನಲ್ಲ, ಅದಕ್ಕೊಂದು ಲೆಕ್ಕವಿದೆ. ರೇಡಿಯೊ ಅಲೆ ಸೆಕೆಂಡಿಗೆ 30 ಕೋಟಿ ಮೀಟರ್ ಓಡುತ್ತದೆ. 900 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 90 ಕೋಟಿ ಅಲೆ. ಭಾಗಿಸಿ ನೋಡಿ: ಒಂದು ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಅದರ ಕಾಲು ಭಾಗ, ಸುಮಾರು 8 ಸೆಂಟಿಮೀಟರ್, ಆಂಟೆನಾಕ್ಕೆ ಒಪ್ಪುವ ಅಳತೆ. ಹತ್ತಿರದಲ್ಲಿ ಬೇರೆ ಲೋಹ ಬಂದು ಕುಳಿತರೆ ಈ ಹೊಂದಾಣಿಕೆ ತಪ್ಪುತ್ತದೆ. ಸಿಗ್ನಲ್ ಕಡಿಮೆಯಾದಾಗ ಫೋನು ಟವರಿಗೆ ಕೇಳಲೆಂದು ಇನ್ನೂ ಜೋರಾಗಿ ಕೂಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಆ ದಿನಗಳಲ್ಲಿ ನನ್ನ ಫೋನು ಸಂಜೆಯೊಳಗೇ ಚಾರ್ಜು ಕೇಳುತ್ತಿತ್ತು.

2014ರ ಐಫೋನ್ 6ರ ಅಲ್ಯೂಮಿನಿಯಂ ಬೆನ್ನಿನಲ್ಲಿ ಮೇಲೊಂದು ಕೆಳಗೊಂದು ಪಟ್ಟೆ ಕಾಣುತ್ತದೆ. ಅದು ಅಲಂಕಾರವಲ್ಲ, ಲೋಹದ ನಡುವೆ ತುಂಬಿದ ಪ್ಲಾಸ್ಟಿಕ್ಕು. ಅಲೆಗಾಗಿ ಬಿಟ್ಟ ಕಿಟಕಿ ಎನ್ನಿ. 2017ರ ಐಫೋನ್ 8ಕ್ಕೆ ಗಾಜಿನ ಬೆನ್ನು ಬಂತು. ತಂತಿಯಿಲ್ಲದೆ ಚಾರ್ಜು ಮಾಡಲು ಆಯಸ್ಕಾಂತದ ಶಕ್ತಿ ಬೆನ್ನಿನ ಮೂಲಕ ಹಾಯಬೇಕು. ಅಲ್ಲಿ ಲೋಹದ ತಗಡಿದ್ದರೆ ಶಕ್ತಿ ಅದನ್ನು ಬಿಸಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಗಾಜು ಬಿದ್ದರೆ ಒಡೆಯುತ್ತದೆ, ಅದೇ ಅದರ ನಷ್ಟದ ಬಾಬ್ತು. ಜಮಾ ಇದ್ದಲ್ಲಿ ಖರ್ಚೂ ಇರುತ್ತದೆ ಎಂದು ನಮ್ಮ ಲೆಡ್ಜರು ಹೇಳುತ್ತಿದ್ದುದೂ ಇದನ್ನೇ.

ನೀವೇ ಪರೀಕ್ಷಿಸಬಹುದು. ಮನೆಯ ಹಿರಿಯರನ್ನು ಕೇಳಿ, ಅವರ ಫೋನನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ಕರೆ ಮಾಡಿ. ಟವರ್ ಹತ್ತಿರವಿದ್ದರೆ ಮುಚ್ಚಳದ ಸಂದಿನಿಂದ ಅಲೆ ನುಸುಳಿ ಫೋನು ಹೊಡೆದುಕೊಳ್ಳಲೂಬಹುದು. ಆಗ ಚಪಾತಿ ಸುತ್ತುವ ಫಾಯಿಲ್ ಹಾಳೆಯಲ್ಲಿ ಎರಡು ಸುತ್ತು ಬಿಗಿಯಾಗಿ ಸುತ್ತಿ ನೋಡಿ. ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಒಂದು ನಿಮಿಷ ಸಾಕು. ಮುಗಿದ ಮೇಲೆ ಮರೆಯದೆ ಹೊರಗೆ ತೆಗೆಯಿರಿ. ಯಾರದೋ ಕರೆ ಬರುವುದಿರುತ್ತದೆ.

ನಮ್ಮ ಮನೆಯಲ್ಲಿ ಈ ಪರೀಕ್ಷೆಯನ್ನು ಮೊಮ್ಮಗಳೇ ಮಾಡಿದಳು. ಅದಕ್ಕೂ ಮೊದಲು ನಾನು ಅವಳ ಹತ್ತಿರ, "ತಪ್ಪು ನನ್ನದೇ ಕಣೇ, ನೀನು ಹೇಳಿದ್ದು ಕೇಳಬೇಕಿತ್ತು" ಎಂದೆ. "ಹೋಗಲಿ ಬಿಡು ಅಜ್ಜಾ" ಎಂದು ಫಾಯಿಲ್ ತರಲು ಅಡುಗೆಮನೆಗೆ ಓಡಿದಳು. ಆ ಕವರು ಈಗ ಅವಳ ಕಂಪಾಸು, ಪೆನ್ಸಿಲ್ಲಿನ ಕರಡಿಗೆ. ನನ್ನ ಫೋನಿಗೆ ಅರವತ್ತು ರೂಪಾಯಿಯ ರಬ್ಬರ್ ಕವರು. ದಿನವೂ ರಾತ್ರಿ ಎಂಟಕ್ಕೆ ಅಕ್ಕನ ಫೋನು ಬರುತ್ತದೆ. ಒಂದೇ ಗಂಟೆಗೆ ಎತ್ತುತ್ತೇನೆ.